ಮೇಜಿನ ಮೇಲೊಂದು ಬಂಡೆಗುಡ್ಡ: ಆಟದ ಟೆರೇನ್ ಮನೆಯಲ್ಲೇ ಮಾಡಿಕೊಳ್ಳಿ

"ಈ ಗುಡ್ಡ ಎಲ್ಲಿಂದ ತರಿಸಿದ್ರಿ?" ನಮ್ಮ ಮನೆಯ ಆಟದ ಮೇಜು ನೋಡಿದವರು ಮೊದಲು ಕೇಳುವುದು ಇದನ್ನೇ. ನಾನೇ ಮಾಡಿದ್ದು ಅಂದರೆ ಎರಡನೇ ಪ್ರಶ್ನೆ ಸಿದ್ಧ: "ಥರ್ಮಾಕೋಲ್ ಸಾಕಾ?" ಒಂದು ವಾರ ಬಿಟ್ಟು ಮೂರನೆಯದು ಬರುತ್ತದೆ: "ಸ್ಪ್ರೇ ಹೊಡೆದ ತಕ್ಷಣ ಕರಗಿ ಹೋಯ್ತಲ್ಲ, ಯಾಕೆ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಹೊಸಬರಿಗೆ ಒಂದೆರಡು ಮಾತು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ವಾರ್‌ಹ್ಯಾಮರ್ ತರಹದ ಆಟಗಳನ್ನು ಮೇಜಿನ ಮೇಲೆ ಪುಟ್ಟ ಗೊಂಬೆಗಳನ್ನಿಟ್ಟು ಆಡುತ್ತಾರೆ. ಆ ಗೊಂಬೆಗೆ ಮಿನಿಯೇಚರ್, ಚಿಕ್ಕದಾಗಿ 'ಮಿನಿ' ಎನ್ನುತ್ತಾರೆ. ಮಿನಿಗಳು ಓಡಾಡುವ ಗುಡ್ಡ, ಗೋಡೆ, ಮರ, ಹಾಳು ಮಂಟಪ ಎಲ್ಲ ಸೇರಿ 'ಟೆರೇನ್'. ಇದು ಬರೀ ಅಲಂಕಾರಕ್ಕಲ್ಲ. ಬಂಡೆಯ ಹಿಂದೆ ನಿಂತವನನ್ನು ಎದುರಾಳಿ ನೋಡಬಲ್ಲನೇ ಇಲ್ಲವೇ, ಬಾಣ ತಾಗುತ್ತದೆಯೇ ಇಲ್ಲವೇ ಎನ್ನುವುದು ಟೆರೇನ್ ಮೇಲೇ ನಿಂತಿದೆ. ಹೀಗೆ ಕಣ್ಣಿಗೆ ಕಾಣುವ ನೇರ ಗೆರೆಗೆ ಆಟಗಾರರು 'ಲೈನ್ ಆಫ್ ಸೈಟ್' ಎನ್ನುತ್ತಾರೆ.

ನವರಾತ್ರಿಗೆ ಬೊಂಬೆ ಕೂರಿಸಿ, ಪಕ್ಕದಲ್ಲಿ ಪಾರ್ಕು, ಕೆರೆ, ಬೆಟ್ಟ ಮಾಡಿದ ಅಭ್ಯಾಸ ಇದ್ದವರಿಗೆ ಅರ್ಧ ಕೆಲಸ ಗೊತ್ತಿದ್ದಂತೆಯೇ. ಆದರೆ ಬೊಂಬೆ ಹಬ್ಬದ ಬೆಟ್ಟವನ್ನು ಯಾರೂ ಮುಟ್ಟುವುದಿಲ್ಲ. ಆಟದ ಗುಡ್ಡದ ಮೇಲೆ ಐದು ನಿಮಿಷಕ್ಕೊಮ್ಮೆ ಕೈ ಬೀಳುತ್ತದೆ, ದಾಳ ಉರುಳುತ್ತದೆ, ಲೋಹದ ಮಿನಿ ಕುಕ್ಕುತ್ತದೆ. ನೋಡಲು ಎಷ್ಟೇ ಚೆನ್ನಾಗಿರಲಿ, ಮಿನಿ ನಿಲ್ಲದಿದ್ದರೆ ಅದು ಶೋಕೇಸ್ ಸಾಮಾನು. ಹಾಗಾಗಿ ಕೆಲಸ ಶುರು ಮಾಡುವ ಮೊದಲು ಒಂದು ಮಿನಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಇಡೀ ಕೆಲಸಕ್ಕೆ ಅದೇ ನಿಮ್ಮ ಅಳತೆಪಟ್ಟಿ.

ಇಲ್ಲಿ ನಾವು ಮಾಡುವುದು ಹಂಪಿ ಕಡೆ ಕಾಣುವಂಥ ದುಂಡು ಬಂಡೆಗಳ ಒಂದು ಗುಡ್ಡ. ಅಂಚು ಚೂಪಾಗಿರುವ ಬಂಡೆಗಳ ಗುಡ್ಡ ಮಾಡುವುದು ಎಲ್ಲೆಲ್ಲೂ ಇದೆ. ದುಂಡು ಬಂಡೆ ನಮಗೆ ಕಂಡು ಗೊತ್ತಿರುವುದು, ತಪ್ಪಾದರೆ ಕಣ್ಣು ತಕ್ಷಣ ಹೇಳುತ್ತದೆ.

ಮೊದಲು ಅಳತೆ

ಹೆಚ್ಚಿನ ಮಿನಿಗಳು '28 ಮಿ.ಮೀ.' ಅಳತೆಯವು. ಇದನ್ನು ಸುಮಾರು 1:60 ಎಂದುಕೊಂಡರೆ ಲೆಕ್ಕ ಸುಲಭ. 28 ಮಿ.ಮೀ. ಗೊಂಬೆ ಅಂದರೆ 168 ಸೆಂ.ಮೀ. ಮನುಷ್ಯ. 1 ಇಂಚು ಅಂದರೆ 5 ಅಡಿ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಲ್ಲಿ ಒಂದು ಇಂಚಿನ ಚೌಕ ಐದಡಿ ಆಗಿರುವುದೂ ಈ ಲೆಕ್ಕಕ್ಕೆ ಸರಿಹೊಂದುತ್ತದೆ.

ಲೆಕ್ಕ ಕೈಕೊಡುವುದು ಮೆಟ್ಟಿಲು, ಬಾಗಿಲುಗಳಲ್ಲಿ. ಏಳಡಿ ಬಾಗಿಲು ಈ ಅಳತೆಯಲ್ಲಿ 36 ಮಿ.ಮೀ. ಆಗುತ್ತದೆ. ಆದರೆ ಮಿನಿ 3-4 ಮಿ.ಮೀ. ದಪ್ಪದ 'ಬೇಸ್' ಎಂಬ ಬಿಲ್ಲೆಯ ಮೇಲೆ ನಿಂತಿರುತ್ತದೆ, ಕೈಯಲ್ಲಿ ಕತ್ತಿ ಎತ್ತಿರುತ್ತದೆ. 45 ಮಿ.ಮೀ. ಮಾಡಿ, ಯಾರೂ ಪ್ರಶ್ನಿಸುವುದಿಲ್ಲ. ಬೇಸ್‌ನ ಅಗಲ ಸಾಮಾನ್ಯವಾಗಿ 25 ಅಥವಾ 32 ಮಿ.ಮೀ. ಅಂದರೆ ಗುಡ್ಡದ ಮೇಲೆ ಮಿನಿ ನಿಲ್ಲಬೇಕಾದ ಕಡೆಯೆಲ್ಲ ಕನಿಷ್ಠ 35 ಮಿ.ಮೀ. ಸಮತಟ್ಟು ಜಾಗ ಬೇಕು. ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು.

ಏನೇನು ಬೇಕು

ಮುಖ್ಯವಾದದ್ದು ಫೋಮ್. ಇದರಲ್ಲಿ ಎರಡು ಜಾತಿ. ಒಂದು ನಮ್ಮ ಥರ್ಮಾಕೋಲ್, ಅಂದರೆ ಇಪಿಎಸ್. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಬಿಳಿ ಕಾಳುಗಳನ್ನು ಒತ್ತಿ ಮಾಡಿದ್ದು. ಇನ್ನೊಂದು ಎಕ್ಸ್‌ಪಿಎಸ್. ಅದೂ ಪಾಲಿಸ್ಟೈರೀನೇ, ಆದರೆ ಕಾಳುಕಾಳಾಗಿರುವುದಿಲ್ಲ, ಒಳಗೆಲ್ಲ ಒಂದೇ ನುಣುಪು. ಚಾವಣಿಗೆ ಬಿಸಿಲಿನ ಶಾಖ ತಡೆಯಲು ಹಾಸುವ ಹಲಗೆ ಇದು. ನೀಲಿ, ಗುಲಾಬಿ, ಹಸಿರು, ಹಳದಿ ಬಣ್ಣಗಳಲ್ಲಿ ಬರುತ್ತದೆ. ಥರ್ಮಾಕೋಲ್ ಕೆತ್ತಲು ಹೋದರೆ ಕಾಳು ಉದುರುತ್ತದೆ, ಗೀರಿದರೆ ಗೆರೆ ನಿಲ್ಲುವುದಿಲ್ಲ. ಎಕ್ಸ್‌ಪಿಎಸ್ ಮೇಲೆ ಪೆನ್ಸಿಲ್ಲಲ್ಲಿ ಗೀರಿದರೂ ಗುರುತು ಹಾಗೇ ಉಳಿಯುತ್ತದೆ. ಹಾಗಾದರೆ ಥರ್ಮಾಕೋಲ್ ಬೇಡವಾ? ಬೇಕು. ಗುಡ್ಡದ ಹೊಟ್ಟೆಗೆ ಅದನ್ನೇ ತುಂಬಿ. ಟಿವಿ ಪೆಟ್ಟಿಗೆಯೊಳಗೆ ಬಂದದ್ದು ಸಾಕು. ಹೊರಗೆ ಕಾಣುವ ಬಂಡೆಗೆ ಮಾತ್ರ ಎಕ್ಸ್‌ಪಿಎಸ್. ವಾಟರ್‌ಪ್ರೂಫಿಂಗ್, ಇನ್ಸುಲೇಷನ್ ಸಾಮಾನು ಮಾರುವವರ ಬಳಿ ವಿಚಾರಿಸಿ. ಕೆಲಸ ನಡೆಯುವ ಕಟ್ಟಡದಲ್ಲಿ ಕೇಳಿದರೆ ತುಂಡುಗಳನ್ನು ಸುಮ್ನೆ ಕೊಟ್ಟುಬಿಡುವುದೂ ಉಂಟು.

ಉಳಿದದ್ದು: ತಳಕ್ಕೆ 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ 5 ಮಿ.ಮೀ. ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಹಲಗೆ). ಹೊಸ ಬ್ಲೇಡಿನ ದೊಡ್ಡ ಕಟ್ಟರ್. ಮರಕ್ಕೆ ಹಾಕುವ ಬಿಳಿ ಅಂಟು. ಟೂತ್‌ಪಿಕ್. ಉಪ್ಪುಕಾಗದ. ಒರಟಾದ ಒಂದು ಕಲ್ಲು, ರಸ್ತೆ ಬದಿಯ ಜಲ್ಲಿ ಆದೀತು. ಎಂ-ಸ್ಯಾಂಡ್ ಒಂದು ಲೋಟ. ಚಹಾ ಸೋಸುವ ಹಳೆಯ ಜಾಲರಿ.

ಬಣ್ಣಕ್ಕೆ ಹವ್ಯಾಸಿ ಅಂಗಡಿಯ ಪುಟ್ಟ ಬಾಟಲಿಗಳ ಹಿಂದೆ ಹೋಗಬೇಡಿ. ಮಿನಿಗೆ ಅವು ಸರಿ, ಗುಡ್ಡಕ್ಕೆ ಬಳಿದರೆ ಜೇಬು ಖಾಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆಗೆ ಬಳಿಯುವ ಬಿಳಿ ಎಮಲ್ಷನ್ ಒಂದು ಲೀಟರ್ ತನ್ನಿ. ಜೊತೆಗೆ ಕಪ್ಪು, ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್ ಸ್ಟೇನರ್. ಸ್ಟೇನರ್ ಅಂದರೆ ಪೇಂಟಿಗೆ ಬೆರೆಸುವ ದಟ್ಟ ಬಣ್ಣದ ಚಿಕ್ಕ ಬಾಟಲಿ. ಇಷ್ಟರಲ್ಲಿ ಹತ್ತು ಗುಡ್ಡಕ್ಕೆ ಬಣ್ಣ ಆಗುತ್ತದೆ. ಕಪ್ಪು ಬಣ್ಣ ಮಾತ್ರ ಒಂದು ಡಬ್ಬಿ ಅಕ್ರಿಲಿಕ್ ತಂದಿಡಿ. ಬಿಳಿ ಎಮಲ್ಷನ್ನಿಗೆ ಎಷ್ಟು ಸ್ಟೇನರ್ ಹಾಕಿದರೂ ಬೂದಿ ಬಣ್ಣ ಆಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ.

ಹಂತ 1: ತಳ ಕತ್ತರಿಸಿ

ಸುಮಾರು 10 ಇಂಚು ಉದ್ದ, 8 ಇಂಚು ಅಗಲದ ಅಂಕುಡೊಂಕು ಆಕಾರ ಬರೆದು ಕತ್ತರಿಸಿ. ದುಂಡಗೆ ತಟ್ಟೆಯಂತೆ ಬೇಡ. ಅಂಚನ್ನು ಓರೆಯಾಗಿ ಉಜ್ಜಿ, ಮೇಜಿಗೆ ಇಳಿದು ಸೇರಿದ ಹಾಗೆ ಕಾಣುತ್ತದೆ.

ಎಚ್ಚರ: ರಟ್ಟು ಬಳಸಬೇಡಿ. ಒಂದು ಮೈಗೆ ಅಂಟು, ಬಣ್ಣ ಬಿದ್ದು ಒಣಗುವಾಗ ಅದು ಸುಟ್ಟ ಹಪ್ಪಳದ ಹಾಗೆ ಸುರುಳಿಕೊಳ್ಳುತ್ತದೆ. ಎಂಡಿಎಫ್ ಕೂಡ ಮಳೆಗಾಲದಲ್ಲಿ ಸ್ವಲ್ಪ ಬಾಗುತ್ತದೆ. ತಳದ ಕೆಳಮೈಗೂ ಒಂದು ಕೋಟ್ ಪೇಂಟ್ ಬಳಿದುಬಿಡಿ. ಎರಡೂ ಕಡೆ ಎಳೆತ ಒಂದೇ ಆದಾಗ ಹಲಗೆ ನೆಟ್ಟಗಿರುತ್ತದೆ.

ಹಂತ 2: ಗುಡ್ಡದ ಹೊಟ್ಟೆ

ಥರ್ಮಾಕೋಲನ್ನು 25 ಮಿ.ಮೀ. ದಪ್ಪದ ಎರಡು ಪದರವಾಗಿ ಜೋಡಿಸಿ. ಒಟ್ಟು 50 ಮಿ.ಮೀ. ಎತ್ತರ. ಒಬ್ಬ ಸಾಮಾನ್ಯ ಮಿನಿ ಹಿಂದೆ ಪೂರ್ತಿ ಅಡಗಲು ಇಷ್ಟು ಸಾಕು. ಮೇಲಿನ ಪದರ ಚಿಕ್ಕದಿರಲಿ, ಸುತ್ತ 35 ಮಿ.ಮೀ. ಮೆಟ್ಟಿಲು ಉಳಿಯಬೇಕು. ಇಲ್ಲಿಯೇ ಮಿನಿ ಇಟ್ಟು ನೋಡಿ.

ಜನ ಜಾಸ್ತಿ ಎಡವುವುದು ಇಲ್ಲೇ. ಬೆಟ್ಟ ಅಂದರೆ ಇಳಿಜಾರು ಅಂದುಕೊಂಡು ಚೆನ್ನಾಗಿ ಕೆತ್ತುತ್ತಾರೆ. ಬಣ್ಣವೆಲ್ಲ ಮುಗಿದ ಮೇಲೆ ಮಿನಿ ಇಟ್ಟರೆ ಜಾರುಬಂಡೆ. ನನ್ನ ಮೊದಲ ಗುಡ್ಡವೂ ಹೀಗೆಯೇ ಇತ್ತು. ಇಡೀ ಆಟ ಮಿನಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಡಿದೆವು. ಇಳಿಜಾರು ಬೇಕೇ ಬೇಕೆಂದರೆ ಒಂದು ಮಗ್ಗುಲಲ್ಲಿ ಮಾತ್ರ ಇರಲಿ, ಉಳಿದದ್ದು ಮೆಟ್ಟಿಲು ಮೆಟ್ಟಿಲಾಗಿರಲಿ.

ಅಂಟಿನ ವಿಷಯ. ಬಿಳಿ ಅಂಟು ಗಾಳಿ ತಾಗಿ ನೀರು ಆರಿದರೆ ಮಾತ್ರ ಹಿಡಿಯುತ್ತದೆ. ಎರಡು ಫೋಮ್ ಹಾಳೆಗಳ ನಡುವೆ ಗಾಳಿ ಎಲ್ಲಿಂದ ಬರಬೇಕು? ಎರಡು ದಿನ ಬಿಟ್ಟು ಎತ್ತಿ ನೋಡಿದರೂ ಒಳಗೆ ಹಾಲಿನಂತೆ ಹಸಿ ಇರುತ್ತದೆ. ಅದಕ್ಕೇ ಅಂಟನ್ನು ಪೂರ್ತಿ ಸವರದೆ, ತೆಳುವಾಗಿ ಗೆರೆ ಗೆರೆಯಾಗಿ ಹಾಕಿ. ನಾಲ್ಕೈದು ಟೂತ್‌ಪಿಕ್ ಚುಚ್ಚಿ ಪದರಗಳನ್ನು ಹಿಡಿಸಿ. ಟೂತ್‌ಪಿಕ್ ಇದ್ದರೆ ಅಂಟು ಒಣಗುವ ತನಕ ಕಾಯದೆ ಮುಂದಿನ ಹಂತಕ್ಕೆ ಹೋಗಬಹುದು.

ಚಪ್ಪಲಿ, ಫೋರ್ಮೈಕಾ ಅಂಟಿಸುವ ಹಳದಿ ರಬ್ಬರ್ ಅಂಟು ಹಾಕಲೇಬೇಡಿ. ಅದರಲ್ಲಿರುವ ದ್ರಾವಕ ಫೋಮನ್ನು ತಿಂದು ಹಾಕುತ್ತದೆ. ಗ್ಲೂ ಗನ್ ಆದೀತು, ಆದರೆ ಅಂಟು ತೀರಾ ಬಿಸಿಯಿದ್ದರೆ ಅದೂ ಗುಳಿ ಬೀಳಿಸುತ್ತದೆ. ಅಲ್ಲದೆ, ಅದು ಒಣಗಿದ ಜಾಗದಲ್ಲಿ ಕಟ್ಟರ್ ಸಿಕ್ಕಿಹಾಕಿಕೊಳ್ಳುತ್ತದೆ.

ಹಂತ 3: ಬಂಡೆ ಕೆತ್ತುವುದು

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಅವಸರ ಬೇಡ.

ಹಂಪಿಯ ಬಂಡೆಗಳು ದುಂಡಗಾದದ್ದು ಹೇಗೆಂದು ಗೊತ್ತಿದ್ದರೆ ಕೆತ್ತನೆ ತಾನಾಗಿ ಬರುತ್ತದೆ. ಅವು ಎಲ್ಲಿಂದಲೋ ಉರುಳಿ ಬಂದವಲ್ಲ. ಒಂದೇ ಗ್ರಾನೈಟ್ ಬಂಡೆಯಲ್ಲಿ ಅಡ್ಡಡ್ಡ, ಉದ್ದುದ್ದ ಬಿರುಕು ಬಿಟ್ಟು ಚೌಕ ತುಂಡುಗಳಾದವು. ಬಿರುಕಿಗೆ ನೀರು ಇಳಿಯಿತು. ತುಂಡಿನ ಮೂಲೆಗೆ ಮೂರು ಕಡೆಯಿಂದ ಪೆಟ್ಟು, ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಮೊದಲು ಸವೆಯಿತು. ಸವೆದ ಮಣ್ಣು ಕೊಚ್ಚಿಹೋಗಿ ದುಂಡು ಬಂಡೆಗಳು ಒಂದರ ಮೇಲೊಂದು ಉಳಿದವು.

ನೀವೂ ಅದನ್ನೇ ಮಾಡಿ. 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ತುಂಡನ್ನು ಮೊದಲು ಮೂರು-ನಾಲ್ಕು ಚೌಕಗಳಾಗಿ ಕತ್ತರಿಸಿ. ಅಳತೆಗಳು ಸಮ ಇರಬಾರದು. ಪ್ರತಿ ತುಂಡಿನ ಮೂಲೆ ಕೆತ್ತಿ, ಆಮೇಲೆ ಅಂಚು, ಆಮೇಲೆ 120 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ. ಮುಖ ಸ್ವಲ್ಪ ಚಪ್ಪಟೆ ಉಳಿಯಲಿ. ಪೂರ್ತಿ ಚೆಂಡು ಮಾಡಿದರೆ ಬಂಡೆ ಅಲ್ಲ, ರವೆ ಉಂಡೆ. ಮುಗಿದ ತುಂಡುಗಳನ್ನು ಮೊದಲಿದ್ದ ಜಾಗದಲ್ಲೇ, ನಡುವೆ ಒಂದೆರಡು ಮಿ.ಮೀ. ಸಂದು ಬಿಟ್ಟು ಜೋಡಿಸಿ ನೋಡಿ. ಒಂದೇ ಬಂಡೆ ಒಡೆದು ನಿಂತ ಹಾಗೆ ಕಾಣುತ್ತದೆ. ಬೇರೆ ಬೇರೆ ತುಂಡು ತಂದು ರಾಶಿ ಹಾಕಿದರೆ ಈ ನಂಟು ಬರುವುದಿಲ್ಲ.

ಇನ್ನು ಮೈ. ಒರಟು ಜಲ್ಲಿಕಲ್ಲನ್ನು ಫೋಮ್ ಮೇಲೆ ಒತ್ತುತ್ತಾ, ಪ್ರತಿ ಸಲ ಸ್ವಲ್ಪ ತಿರುಗಿಸುತ್ತಾ ಹೋಗಿ. ತಿರುಗಿಸದಿದ್ದರೆ ಒಂದೇ ಮುದ್ರೆ ಸಾಲಾಗಿ ಕಾಣುತ್ತದೆ. ಗ್ರಾನೈಟಿನ ಕಾಳುಕಾಳು ಮೈ ಹೀಗೆ ಬರುತ್ತದೆ. ಒಂದೆರಡು ಕಡೆ ಕಟ್ಟರ್‌ನಲ್ಲಿ ಆಳವಾಗಿ ಗೀರಿ, ರೀಫಿಲ್ ಮುಗಿದ ಬಾಲ್‌ಪೆನ್ನಿನಲ್ಲಿ ಅದೇ ಗೆರೆಯನ್ನು ಅಗಲ ಮಾಡಿ.

ಹಂಪಿಗೆ ಹೋದವರು ನೋಡಿರುತ್ತೀರಿ: ಕೆಲವು ಬಂಡೆಗಳ ಮೇಲೆ ಸಾಲಾಗಿ ಚೌಕ ಗುಳಿಗಳಿವೆ. ಬಂಡೆ ಸೀಳಲು ಬೆಣೆ ಹೊಡೆದ ಗುರುತು ಅದು. ಒಂದು ಬಂಡೆಯ ಮೇಲೆ ಹಾಗೆ ಏಳೆಂಟು ಗುಳಿ ಒತ್ತಿ. ಲೆಕ್ಕದ ಪ್ರಕಾರ ಮಾಡಿದರೆ ಕಣ್ಣಿಗೇ ಕಾಣುವುದಿಲ್ಲ, 2 ಮಿ.ಮೀ. ಇರಲಿ. ಟೂತ್‌ಪಿಕ್ಕಿನ ತುದಿ ಕತ್ತರಿಸಿ ಚೌಕ ಮಾಡಿಕೊಂಡರೆ ಅದೇ ಉಳಿ. ನಮ್ಮ ಮೇಜಿಗೆ ಬಂದವರೆಲ್ಲ ಮೊದಲು ಬೆರಳಿಡುವುದು ಈ ಗುಳಿಗಳ ಮೇಲೇ.

ಎಚ್ಚರ: ಬ್ಲೇಡ್ ಉದ್ದ ಚಾಚಿ, ಒತ್ತದೆ ಎಳೆಯಿರಿ. ಫೋಮ್ ಕಿತ್ತು ಬರುತ್ತಿದೆ, ಕಿರ್ ಅನ್ನುತ್ತಿದೆ ಅಂದರೆ ಬ್ಲೇಡ್ ಮೊಂಡಾಗಿದೆ. ತುದಿ ಮುರಿದು ಹೊಸದು ಮಾಡಿಕೊಳ್ಳಿ. ಬೆರಳು ಕೊಯ್ದುಕೊಳ್ಳುವುದು ಮೊಂಡು ಬ್ಲೇಡಲ್ಲೇ ಹೆಚ್ಚು. ಉಜ್ಜುವಾಗ ಮಾಸ್ಕ್ ಹಾಕಿ, ಬಾಲ್ಕನಿಯಲ್ಲಿ ಕೂರಿ. ಬಿಸಿ ತಂತಿಯ ಕಟ್ಟರ್ ಇದ್ದವರು ಕಿಟಕಿ ತೆರೆದಿಟ್ಟು ಬಳಸಿ, ಆ ಹೊಗೆ ಒಳ್ಳೆಯದಲ್ಲ.

ಹಂತ 4: ಜೋಡಣೆ

ಬಂಡೆಗಳನ್ನು ಗುಡ್ಡದ ಮೇಲೆ ಮೊದಲು ಅಂಟಿಲ್ಲದೆ ಇಡಿ. ಮಿನಿಗಳನ್ನು ಸುತ್ತ ನಿಲ್ಲಿಸಿ. ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು, ಯಾರು ಯಾರಿಗೆ ಕಾಣುತ್ತಾರೆ ನೋಡಿ. ಒಂದು ಕಡೆ ಒಳ್ಳೆಯ ಮರೆ, ಇನ್ನೊಂದು ಕಡೆ ಬಯಲು ಇದ್ದರೆ ಆಟ ರಂಗೇರುತ್ತದೆ. ನಾಲ್ಕೂ ಕಡೆ ಮರೆ ಇದ್ದರೆ ಒಬ್ಬ ಮೇಲೆ ಹತ್ತಿ ಕೂತು ಇಳಿಯುವುದೇ ಇಲ್ಲ. ಎರಡು ಬಂಡೆಗಳ ನಡುವೆ ದಾಳ ಬೀಳುವಷ್ಟು ಅಗಲವಿದ್ದೂ ಬೆರಳು ಹೋಗದ ಸಂದಿ ಬಿಡಬೇಡಿ, ಅಲ್ಲಿಗೆ ಬಿದ್ದ ದಾಳ ತೆಗೆಯಲು ಚಿಮಟ ಬೇಕಾಗುತ್ತದೆ. ತೃಪ್ತಿಯಾದ ಮೇಲೆ ಅಂಟು, ಟೂತ್‌ಪಿಕ್.

ಹಂತ 5: ಗಟ್ಟಿ ಮಾಡುವ ಕೋಟ್

ಇದನ್ನು ಬಿಟ್ಟವರು ಕೆಟ್ಟರು. ಅಕ್ರಿಲಿಕ್ ಕಪ್ಪು ಬಣ್ಣ ಒಂದು ಪಾಲು, ಬಿಳಿ ಅಂಟು ಒಂದು ಪಾಲು, ಸ್ವಲ್ಪ ನೀರು. ಮಜ್ಜಿಗೆಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು. ಒಂದು ಸಂದೂ ಬಿಡದಂತೆ ಬಳಿಯಿರಿ. ರಾತ್ರಿಯಿಡೀ ಒಣಗಿಸಿ, ಇನ್ನೊಂದು ಕೋಟ್. ಉಗುರಿನಿಂದ ಒತ್ತಿದರೆ ಈಗ ಗುರುತು ಬೀಳಬಾರದು.

ಸ್ಪ್ರೇ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಸ್ಪ್ರೇ ಕ್ಯಾನಿನಲ್ಲಿರುವ ದ್ರಾವಕ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಎಕ್ಸ್‌ಪಿಎಸ್ ಆದರೂ ಅಷ್ಟೇ, ಥರ್ಮಾಕೋಲ್ ಆದರೂ ಅಷ್ಟೇ. ಈ ಕೋಟ್ ಒಂದು ಚರ್ಮದ ಹಾಗೆ. ಆದರೆ ಒಂದು ಚುಕ್ಕೆಯಷ್ಟು ಜಾಗ ಬಿಟ್ಟುಹೋಗಿದ್ದರೂ ಸ್ಪ್ರೇ ಅಲ್ಲಿಂದ ಒಳಹೊಕ್ಕು ಹೊಟ್ಟೆ ಟೊಳ್ಳು ಮಾಡುತ್ತದೆ. ಸ್ಪ್ರೇ ಸಹವಾಸವೇ ಬೇಡ ಅನ್ನುವವನು ನಾನು. ಟರ್ಪೆಂಟೈನ್ ಬೆರೆಸುವ ಎನಾಮೆಲ್ ಪೇಂಟೂ ಬೇಡ.

ಹಂತ 6: ನೆಲ

ಎಂ-ಸ್ಯಾಂಡ್ ತೊಳೆದು, ಒಣಗಿಸಿ, ಜಾಲರಿಯಲ್ಲಿ ಸೋಸಿ. 1 ಮಿ.ಮೀ. ಕಾಳು ಈ ಅಳತೆಯಲ್ಲಿ 6 ಸೆಂ.ಮೀ. ಕಲ್ಲು ಎಂದು ನೆನಪಿರಲಿ. ಸೋಸದೆ ಹಾಕಿದರೆ ಗುಡ್ಡದ ಮೇಲೆಲ್ಲ ತೆಂಗಿನಕಾಯಿ ಚೆಲ್ಲಿದಂತೆ ಇರುತ್ತದೆ. ಜಾಲರಿಯಲ್ಲಿ ಉಳಿದ ದಪ್ಪ ಕಾಳು ಬಂಡೆಯ ಬುಡಕ್ಕೆ ಮಾತ್ರ.

ಬಂಡೆ ಬಿಟ್ಟು ಉಳಿದ ಜಾಗಕ್ಕೆ ಅಂಟು ಸವರಿ, ಮರಳು ಉದುರಿಸಿ, ಒಣಗಿಸಿ, ಉಳಿದದ್ದನ್ನು ಕೊಡವಿ. ಆಮೇಲೆ ಅಂಟಿಗೆ ನಾಲ್ಕರಷ್ಟು ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಮೇಲಿನಿಂದ ಹನಿಸಿ. ಸೋಪಿಲ್ಲದಿದ್ದರೆ ನೀರು ಮಣಿಯಂತೆ ನಿಲ್ಲುತ್ತದೆ, ಮರಳಿನೊಳಗೆ ಇಳಿಯುವುದಿಲ್ಲ.

ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ ಒಳ್ಳೆಯ ಮಣ್ಣಾಗುತ್ತದೆ. ಆದರೆ ಬಾಣಲೆಯಲ್ಲಿ ಹುರಿದು, ಎರಡು ದಿನ ಬಿಸಿಲಿಗಿಟ್ಟು ಬಳಸಿ. ತೇವ ಉಳಿದಿದ್ದರೆ ಆಷಾಢದಲ್ಲಿ ನಿಮ್ಮ ಗುಡ್ಡಕ್ಕೆ ನಿಜವಾದ ಬೂಷ್ಟು ಬರುತ್ತದೆ.

ಹಂತ 7: ಬಣ್ಣ

ಕಪ್ಪು ಕೋಟಿನ ಮೇಲೆ ಮೂರು ಬಗೆಯ ಬೂದಿ ಸಾಕು. ಬಿಳಿ ಎಮಲ್ಷನ್ನಿಗೆ ಕಪ್ಪು ಸ್ಟೇನರ್, ಚಿಟಿಕೆ ಹಳದಿ, ಅದಕ್ಕಿಂತ ಕಡಿಮೆ ಕೆಂಪು. ಬರೀ ಕಪ್ಪು-ಬಿಳಿ ಬೆರೆಸಿದ ಬೂದಿ ಸಿಮೆಂಟಿನಂತೆ ಸಪ್ಪೆ. ನಮ್ಮ ಕಡೆಯ ಗ್ರಾನೈಟಿನಲ್ಲಿ ಒಂದು ಬಿಸಿಲಿನ ಬಣ್ಣ ಇದೆ, ಅಲ್ವಾ? ಅದು ಹಳದಿ-ಕೆಂಪಿನಿಂದ ಬರುತ್ತದೆ.

ಮೊದಲ ಗಾಢ ಬೂದಿಯನ್ನು ಧಾರಾಳವಾಗಿ ಬಳಿಯಿರಿ, ಸಂದುಗಳಲ್ಲಿ ಮಾತ್ರ ಕಪ್ಪು ಉಳಿಯಲಿ. ಮುಂದಿನ ಎರಡು ಬಣ್ಣಕ್ಕೆ 'ಡ್ರೈಬ್ರಷ್'. ಅಂದರೆ ಬ್ರಷ್ಷಿಗೆ ಬಣ್ಣ ಹಚ್ಚಿ, ಅದನ್ನು ಬಟ್ಟೆಗೆ ಒರೆಸಿ ಒರೆಸಿ, ಹೆಚ್ಚುಕಡಿಮೆ ಏನೂ ಉಳಿದಿಲ್ಲ ಅನ್ನಿಸಿದಾಗ ಬಂಡೆಯ ಮೇಲೆ ಹಗುರಾಗಿ ಆಡಿಸುವುದು. ಉಬ್ಬಿದ ಕಡೆ ಮಾತ್ರ ಬಣ್ಣ ಕೂರುತ್ತದೆ. ಜಲ್ಲಿಕಲ್ಲು ಒತ್ತಿದ್ದ ಪ್ರತಿ ಗುರುತೂ ಎದ್ದು ಬರುತ್ತದೆ. ಅಗಲವಾದ ಹಳೆಯ ಮೇಕಪ್ ಬ್ರಷ್ ಇದಕ್ಕೆ ಹೇಳಿ ಮಾಡಿಸಿದ್ದು. ಗೆರೆಗೆರೆಯಾಗಿ ಕಾಣುತ್ತಿದ್ದರೆ ಬಣ್ಣ ಜಾಸ್ತಿ ಇದೆ, ಇನ್ನೂ ಒರೆಸಿ. ಕೊನೆಯ ಕೋಟಿಗೆ ಅಚ್ಚ ಬಿಳಿ ಬಳಸಬೇಡಿ, ಸುಣ್ಣ ಹಚ್ಚಿದಂತೆ ಆಗುತ್ತದೆ.

ಆಮೇಲೆ 'ವಾಶ್', ಅಂದರೆ ತುಂಬಾ ನೀರಾದ ಬಣ್ಣ. ಒಂದು ಪಾಲು ಕಪ್ಪು-ಕಂದು ಬಣ್ಣಕ್ಕೆ ಎಂಟು ಪಾಲು ನೀರು. ದೊಡ್ಡ ಬಂಡೆಗಳ ನೆತ್ತಿಯಿಂದ ಕೆಳಕ್ಕೆ ಮೂರು-ನಾಲ್ಕು ಧಾರೆ ಇಳಿಸಿ. ನಿಜವಾದ ಬಂಡೆಯ ಮೇಲೆ ಮಳೆನೀರು ಹರಿದ ಜಾಗದಲ್ಲಿ ಕಪ್ಪು ಪಟ್ಟೆ ಇರುತ್ತದಲ್ಲ, ಅದೇ. ಧಾರೆ ಒಂದೇ ಸಮ ಇರಬಾರದು. ನೆಲಕ್ಕೆ ಕೆಂಪು ಆಕ್ಸೈಡ್ ಹೆಚ್ಚಿರುವ ಕಂದು, ಮೇಲೆ ತಿಳಿ ಮಣ್ಣಿನ ಬಣ್ಣದ ಡ್ರೈಬ್ರಷ್.

ಹಂತ 8: ಹುಲ್ಲು, ಗಿಡ

ಮರದ ಹೊಟ್ಟಿಗೆ ಹಸಿರು, ಹಳದಿ ಬಣ್ಣ ಕಲಸಿ ಒಣಗಿಸಿದರೆ ಹುಲ್ಲು. ಎರಡು ಮೂರು ಬಣ್ಣ ಮಾಡಿ ಬೆರೆಸಿ. ತೆಂಗಿನ ನಾರಿನ ಎಳೆಗಳನ್ನು ಕಟ್ಟು ಮಾಡಿ, ಬುಡಕ್ಕೆ ಅಂಟು ಹಾಕಿ, 10 ಮಿ.ಮೀ. ಉಳಿಸಿ ಕತ್ತರಿಸಿದರೆ ಬೇಸಿಗೆಯ ಒಣಹುಲ್ಲಿನ ಗುಪ್ಪೆ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬನ್ನು ಕತ್ತರಿಸದೆ ಹರಿದು ಪೊದೆ ಮಾಡಿ. ಹೂ ಮುಗಿದು ಒಣಗಿದ ಕಾಮಕಸ್ತೂರಿ ಗಿಡದ ಕಡ್ಡಿ ಪುಟ್ಟ ಮರದಂತೆಯೇ ಕವಲೊಡೆದಿರುತ್ತದೆ.

ಎಲ್ಲ ಕಡೆ ಹುಲ್ಲು ಹಾಕಬೇಡಿ. ಬಂಡೆಯ ಬುಡದಲ್ಲಿ, ಸಂದಿನಲ್ಲಿ, ನೀರು ನಿಲ್ಲುವ ಜಾಗದಲ್ಲಿ ಮಾತ್ರ. ಮಿನಿ ನಿಲ್ಲುವ ಮೆಟ್ಟಿಲು ಬೋಳಾಗಿರಲಿ.

ಕೊನೆಗೆ ನೀರಿನಲ್ಲಿ ಕರಗುವ ಮ್ಯಾಟ್ ವಾರ್ನಿಷ್ ಒಂದು ಕೋಟ್. ಹೊಳೆಯುವ 'ಗ್ಲಾಸ್' ವಾರ್ನಿಷ್ ತರಬೇಡಿ. ಬಂಡೆ ಮಿನುಗಿದರೆ ಗ್ರಾನೈಟ್ ಕೌಂಟರ್ ನೆನಪಾಗುತ್ತದೆ.

ಎಷ್ಟು ದಿನ ಬೇಕು?

ಕೈಕೆಲಸ ಆರೇಳು ಗಂಟೆ, ಉಳಿದದ್ದೆಲ್ಲ ಒಣಗಲು ಕಾಯುವುದು. ಬೇಸಿಗೆಯಲ್ಲಿ ಒಂದು ವಾರಾಂತ್ಯದಲ್ಲಿ ಮುಗಿಯುತ್ತದೆ. ಮಳೆಗಾಲದಲ್ಲಿ ಒಂದು ವಾರ ಇಟ್ಟುಕೊಳ್ಳಿ. ಹೇರ್ ಡ್ರೈಯರ್ ಹಿಡಿದು ಅವಸರ ಮಾಡಿದರೆ ಅಂಟಿನ ಮೇಲ್ಮೈ ಒಣಗಿ ಒಳಗೆ ಹಸಿ ಉಳಿಯುತ್ತದೆ, ತೀರಾ ಹತ್ತಿರ ಹಿಡಿದರೆ ಫೋಮೇ ಕುಗ್ಗುತ್ತದೆ. ಫ್ಯಾನ್ ಸಾಕು.

ಎತ್ತಿಡುವಾಗ ಒಂದರ ಮೇಲೊಂದು ಪೇರಿಸಬೇಡಿ. ಬಣ್ಣ ಒಣಗಿದ್ದರೂ ಸೆಕೆಗೆ ಎಮಲ್ಷನ್ ಸ್ವಲ್ಪ ಅಂಟುತ್ತದೆ, ಎತ್ತಿದಾಗ ಕಿತ್ತು ಬರುತ್ತದೆ. ಅಂಚು ಮುರಿದರೆ ಚಿಂತೆಯಿಲ್ಲ, ಅಂಟು, ಕಪ್ಪು, ಬೂದಿ ಇಷ್ಟೇ ಮತ್ತೆ. ಅದಕ್ಕೇ ಬೆರೆಸಿದ ಮೂರೂ ಬೂದಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಮೇಲೆ ನಂಬರ್ ಬರೆದಿಡಿ. ಅದೇ ಬಣ್ಣ ಇನ್ನೊಮ್ಮೆ ಬೆರೆಸಲು ಬರುವುದಿಲ್ಲ.

ಕೆತ್ತಿದಾಗ ಉಳಿದ ಎಕ್ಸ್‌ಪಿಎಸ್ ಚೂರುಗಳನ್ನು ಎಸೆಯಬೇಡಿ. ಹೆಬ್ಬೆರಳಿನಷ್ಟು ದೊಡ್ಡವನ್ನು ದುಂಡಗೆ ಉಜ್ಜಿ, ಎರಡೆರಡು ಮೂರು ಮೂರು ಸೇರಿಸಿ ಚಿಕ್ಕ ತಳಕ್ಕೆ ಅಂಟಿಸಿ. ಹೀಗೆ ಬಿಡಿಬಿಡಿಯಾಗಿ ಮೇಜಿನ ಮೇಲೆ ಚದುರಿಸುವ ಸಾಮಾನಿಗೆ 'ಸ್ಕ್ಯಾಟರ್' ಎನ್ನುತ್ತಾರೆ. ಗುಡ್ಡಕ್ಕೆ ಬಣ್ಣ ಹಚ್ಚುವಾಗಲೇ ಇವಕ್ಕೂ ಹಚ್ಚಿಬಿಡಿ.